ಮೂವತ್ತು ಪುಟದ ಸಂಕ್ಷೇಪ

ವರದಿ ಶಾಖೆಯಲ್ಲಿ ಆಕೆಯನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಕತ್ತರಿ ಮೇಡಂ ಎಂದೂ ಕರೆಯುತ್ತಿದ್ದರು. ಬೆನ್ನ ಹಿಂದಿನ ಹೆಸರು ಆಕೆಗೆ ಗೊತ್ತಿಲ್ಲದ್ದೇನಲ್ಲ. ಒಮ್ಮೆ ಟೈಪಿಸ್ಟ್ ಬಾಯಿ ತಪ್ಪಿ "ಕತ್ತರಿ ಮೇಡಂ, ನಿಮಗೆ ಫೋನು" ಎಂದು ನಾಲಗೆ ಕಚ್ಚಿಕೊಂಡಾಗ, "ಮೇಡಂ ಹೆಚ್ಚಾಯ್ತು, ಕತ್ತರಿ ಅಂದ್ರೂ ಸಾಕು" ಎಂದು ಹೇಳಿ ಫೋನು ತೆಗೆದುಕೊಂಡಿದ್ದಳು. ಟೈಪಿಸ್ಟ್ ನಿವೃತ್ತಿಗೆ ಆರು ತಿಂಗಳಿದ್ದ ಮನುಷ್ಯ. ಆ ಮಾತನ್ನು ಊಟದ ಹೊತ್ತಿಗೆ ಇಡೀ ಮಹಡಿಗೆ ಹಂಚಿ ಬಂದ.

ಆಕೆಯ ಕೆಲಸ ಉದ್ದದ್ದನ್ನು ಗಿಡ್ಡ ಮಾಡುವುದು. ಬೇರೆ ಬೇರೆ ಇಲಾಖೆಗಳಿಂದ ಬರುವ ನೂರಿನ್ನೂರು ಪುಟದ ವರದಿಗಳನ್ನು, ಓದಲು ಪುರುಸೊತ್ತಿಲ್ಲದ ದೊಡ್ಡವರಿಗಾಗಿ, ನಾಲ್ಕೈದು ಪುಟಕ್ಕೆ ಇಳಿಸಿ ಕೊಡುವುದು. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಸೈಕಲ್ ನಿಲ್ಲಿಸುವ ಅಂಗಳದ ಮೇಲೆ ತೆರೆಯುವ ಅದೇ ಕಿಟಕಿ, ಬಾಗಿಲು ಎಳೆದರೆ ಕೂಗುವ ಅದೇ ಕಬ್ಬಿಣದ ಬೀರು. ಕತ್ತರಿಯನ್ನು ಆಕೆ ಕೈಯಲ್ಲಿ ಹಿಡಿದದ್ದನ್ನು ಯಾರೂ ಕಂಡಿಲ್ಲ. ಒಂದು ಮೊಂಡು ಪೆನ್ಸಿಲು, ಒಂದು ಗೆರೆಯ ಪುಸ್ತಕ, ಅಷ್ಟೇ ಸರಂಜಾಮು. ಒಮ್ಮೆ ಕೈ ಕಟ್ಟಿಕೊಂಡು ಓದುವುದು, ಇನ್ನೊಮ್ಮೆ ಗೆರೆ ಎಳೆಯುತ್ತ ಓದುವುದು, ಆಮೇಲೆ ಕಟ್ಟನ್ನು ಮುಚ್ಚಿಟ್ಟು ಬರೆಯುವುದು. ಹತ್ತು ಮಾತಲ್ಲಿ ಹೇಳಿದ್ದನ್ನು ಒಂದು ಮಾತಲ್ಲಿ ಹೇಳಲಾಗದಿದ್ದರೆ ಆ ಹತ್ತರಲ್ಲಿ ಹುರುಳಿಲ್ಲ ಎಂದೇ ಆಕೆಯ ನಂಬಿಕೆ, ಮತ್ತು ತನ್ನ ನಂಬಿಕೆಗಳ ಬಗ್ಗೆ ಆಕೆಗೆ ಅನುಮಾನ ಬಂದದ್ದು ಕಡಿಮೆ.

ಮನೆಯಲ್ಲೂ ಅದೇ ಚಾಳಿ. ಗಂಡ ಕನ್ನಡಕದ ಅಂಗಡಿ ಇಟ್ಟವನು. ಗಿರಾಕಿಯೊಬ್ಬರ ಕನ್ನಡಕ ಮುರಿದ ಕಥೆಯನ್ನು ಅವನು ಆ ಗಿರಾಕಿಯ ಅಜ್ಜನಿಂದ ಶುರು ಮಾಡುತ್ತಿದ್ದ.

"ಮೇಲೆ ಕೂತ್ಕೊಂಡು ಮುರಿದ್ರು, ಅಷ್ಟೇ ತಾನೇ?" ಎನ್ನುವಳು ಆಕೆ.

"ಹೂಂ, ಕೂತ್ಕೊಂಡ್ರು. ಆದ್ರೆ ಯಾಕೆ ಕೂತ್ಕೊಂಡ್ರು ಅಂದ್ರೆ—"

"ಕಾಲು ನೋವಿತ್ತು, ಕುರ್ಚಿ ಇತ್ತು. ಮುಗೀತಲ್ಲ."

ಗಂಡ ನಗುತ್ತಿದ್ದ. ಅವನಿಗೆ ಹೇಳುವುದರಲ್ಲಿ ಎಷ್ಟು ಸುಖವೋ ಆಕೆಗೆ ಮೊಟಕು ಮಾಡುವುದರಲ್ಲಿ ಅಷ್ಟೇ ಸುಖ ಎಂದು ಮದುವೆಯಾದ ಹೊಸತರಲ್ಲೇ ಅವನು ಕಂಡುಕೊಂಡಿದ್ದ.

ಮನೆಯ ಮೂರನೆಯವರು ಮಾವ. ಎಂಬತ್ತನಾಲ್ಕು ವರ್ಷ, ಒಂದು ಕಿವಿ ಮಂದ, ನಾಲಗೆ ಮಾತ್ರ ಚುರುಕು. ನಲವತ್ತು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದವರು. ಹಳೇ ವಿದ್ಯಾರ್ಥಿಗಳು ಬೀದಿಯಲ್ಲಿ ಸಿಕ್ಕರೆ ಈಗಲೂ "ಧಾತು ಮೇಷ್ಟ್ರು" ಎಂದು ಕೈ ಮುಗಿಯುತ್ತಿದ್ದರು. ಯಾವ ಮಾತು ಕಿವಿಗೆ ಬಿದ್ದರೂ ಅದರ ಬೇರು ಯಾವುದು ಎಂದು ಕೇಳುವುದು ಅವರ ಅಭ್ಯಾಸ. ಹೊಸ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಊಟದ ಮೇಜಿನ ಮುಂದೆ ಆಕೆಗೆ ಹನ್ನೊಂದು ಮಾತುಗಳ ಬೇರು ಕೇಳಿದ್ದರು. ಎರಡಕ್ಕೆ ಉತ್ತರ ಕೊಟ್ಟು, ಉಳಿದ ಒಂಬತ್ತಕ್ಕೆ "ಗೊತ್ತಿಲ್ಲ ಮಾವ, ಗೊತ್ತಾಗದೆ ಇದ್ರೂ ಊಟ ಸೇರುತ್ತೆ" ಎಂದಿದ್ದಳು. ಅಂದಿನಿಂದ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮರ್ಯಾದೆ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸೇತುವೆಯ ಕಟ್ಟು ಬಂತು.

ಕಾಲುವೆಯ ಮೇಲಿನ ಕಾಲುಸೇತುವೆ ಕುಸಿದು ಒಂದು ವರ್ಷವಾಗಿತ್ತು. ಕಾರ್ಖಾನೆಯ ಪಾಳಿ ಬಿಡುವ ಹೊತ್ತು, ಶಾಲೆಯೂ ಬಿಡುವ ಹೊತ್ತು. ನಡುವಿನ ಭಾಗ ಒಂದು ಬದಿಗೆ ವಾಲಿ, ಕಂಬಿ ಕಿತ್ತು, ಒಂಬತ್ತು ಜನ ಸತ್ತಿದ್ದರು. ಅವರಲ್ಲಿ ಮೂವರು ಒಂದೇ ಮನೆಯವರು. ನಗರಸಭೆ ನಿವೃತ್ತ ನ್ಯಾಯಾಧೀಶರೊಬ್ಬರನ್ನು ವಿಚಾರಣೆಗೆ ಇಟ್ಟಿತು. ಇನ್ನೂರ ಹದಿಮೂರು ಜನ ಬಂದು ಸಾಕ್ಷಿ ಹೇಳಿದರು. ಎಲ್ಲ ಸೇರಿ ಸಾವಿರದ ಎಂಟುನೂರ ನಲವತ್ತು ಪುಟ. ಅದನ್ನು ಓದುವ ತಾಳ್ಮೆ ನಗರಸಭೆಯ ಸದಸ್ಯರಿಗೆ ಎಲ್ಲಿಂದ ಬರಬೇಕು? 'ಸಾಕ್ಷ್ಯಗಳ ಸಂಕ್ಷೇಪವನ್ನು ಮೂವತ್ತು ಪುಟ ಮೀರದಂತೆ ಸಿದ್ಧಪಡಿಸತಕ್ಕದ್ದು' ಎಂದು ಆದೇಶವಾಯಿತು. ಕೊಟ್ಟ ಗಡುವು ನಾಲ್ಕು ವಾರ.

ಶಾಖೆಯ ಮುಖ್ಯಸ್ಥರು ಕಟ್ಟನ್ನು ತಾವೇ ಹೊತ್ತು ತಂದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ, ಆದರೆ ಮೇಲಿನಿಂದ ಫೋನು ಬಂದರೆ ಕೂತಲ್ಲೇ ಎದ್ದು ನಿಲ್ಲುವವರು.

"ಮೇಡಂ, ನಿಮಗೆ ಹೇಳ್ಕೊಡೋಷ್ಟು ದೊಡ್ಡವನಲ್ಲ ನಾನು" ಎಂದು ಶುರು ಮಾಡಿದರು. ಹಾಗೆ ಶುರು ಮಾಡಿದರೆ ಹೇಳಿಕೊಡಲು ಬಂದಿದ್ದಾರೆ ಎಂದೇ ಅರ್ಥ. "ಎಂಜಿನಿಯರುಗಳು ನಾಲ್ಕು ಜನ ಹೇಳಿದ್ದೇ ಏಳುನೂರು ಪುಟ ಇದೆ. ಅದೇ ಮುಖ್ಯ. ಅದಕ್ಕೊಂದು ಇಪ್ಪತ್ತೆಂಟು ಪುಟ ಕೊಡಿ. ಉಳಿದೋರು ದಾರಿಹೋಕರು, ಅಂಗಡಿಯೋರು, ಅಳೋರು. ಅವರಿಗೆಲ್ಲ ಸೇರಿ ಎರಡು ಪುಟ. ಸಾರಾಂಶ ಅಂದ್ರೆ ಅಷ್ಟೇ ತಾನೇ?"

"ಆಗಲಿ ಸರ್" ಎಂದಳು ಆಕೆ. ಆಕೆಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಇಪ್ಪತ್ತಾರು ವರ್ಷ ಹೀಗೆಯೇ ಮಾಡಿದ್ದಳು. ಗಟ್ಟಿಯಾದದ್ದನ್ನು ಇಟ್ಟುಕೊಂಡು ಜೊಳ್ಳನ್ನು ತೂರುವುದು.

ಎಂಜಿನಿಯರುಗಳ ಏಳುನೂರು ಪುಟ ಒಂದು ವಾರದಲ್ಲಿ ಮುಗಿಯಿತು. ನಾಲ್ವರೂ ಒಂದೇ ದನಿಯಲ್ಲಿ ಮಾತಾಡಿದ್ದರು. ಕುಸಿಯುವ ಎರಡು ತಿಂಗಳ ಮುಂಚೆ ಸೇತುವೆಯ ತುಕ್ಕು ಕೆರೆಸಿ, ಪರೀಕ್ಷೆ ಮಾಡಿಸಿ, ಬಣ್ಣ ಬಳಿಸಲಾಗಿತ್ತು. ಕಬ್ಬಿಣದಲ್ಲಿ ದೋಷವಿರಲಿಲ್ಲ. ಜನ ಮಿತಿಮೀರಿ ಒಂದೇ ಕಡೆ ನಿಂತದ್ದೇ ಕುಸಿತಕ್ಕೆ ಕಾರಣ. ಬಿಡಿಸಿ ಹೇಳುವುದಾದರೆ, ಸತ್ತವರ ತಪ್ಪಿನಿಂದಲೇ ಸತ್ತವರು ಸತ್ತರು. ಆಕೆ ಅದನ್ನು ಅಚ್ಚುಕಟ್ಟಾಗಿ ಇಪ್ಪತ್ತೈದು ಪುಟಕ್ಕೆ ಇಳಿಸಿದಳು. ಇಳಿಸಿದ ಮೇಲೆ ಒಂದು ಸಣ್ಣ ಕಿರಿಕಿರಿ ಉಳಿಯಿತು. ಅದು ಬಿಗಿ ಚಪ್ಪಲಿಯಂಥ ಕಿರಿಕಿರಿ, ನಡೆಯಲು ಬರುತ್ತದೆ, ಆದರೆ ಮರೆಯಲು ಬರುವುದಿಲ್ಲ.

ಮರುದಿನ ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಮಾವ ಕಿತ್ತಳೆ ಹಿಂಡುತ್ತಿದ್ದರು. ಗಾಜಿನ ಹಿಂಡುಗದ ಮೇಲೆ ಅರ್ಧ ಹಣ್ಣನ್ನು ಕವುಚಿ ತಿರುವುವುದು ಅವರ ಬೆಳಗಿನ ವ್ಯಾಯಾಮ.

"ಏನಮ್ಮಾ, ಈ ಸಲ ಎಷ್ಟು ದಪ್ಪದ ಕಟ್ಟು?"

"ಸಾವಿರದ ಎಂಟುನೂರು ಚಿಲ್ಲರೆ ಪುಟ, ಮಾವ. ಮೂವತ್ತಕ್ಕೆ ಇಳಿಸ್ಬೇಕು."

"ಆದೇಶದಲ್ಲಿ ಏನಂತ ಬರೆದಿದ್ದಾರೆ? ಸಾರಾಂಶವೋ, ಸಂಗ್ರಹವೋ, ಸಂಕ್ಷೇಪವೋ?"

"ಸಂಕ್ಷೇಪ ಅಂತ. ಎಲ್ಲಾ ಒಂದೇ ಬಿಡಿ."

ಮಾವ ಹಿಂಡುವುದನ್ನು ನಿಲ್ಲಿಸಿದರು. ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಇನ್ನು ಹತ್ತು ನಿಮಿಷ ಬಿಡುಗಡೆಯಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

"ಒಂದೇ ಆಗಿದ್ರೆ ಮೂರು ಮಾತು ಯಾಕಮ್ಮಾ ಹುಟ್ತಿದ್ವು? ಭಾಷೆಗೇನು ಬೇರೆ ಕೆಲಸ ಇರ್ಲಿಲ್ವಾ?" ಮಾವ ಲೋಟವನ್ನು ಎತ್ತಿ ತೋರಿಸಿದರು. "ಇದು ಸಾರ. ಈ ಸಿಪ್ಪೆ ಎಲ್ಲಿಗೆ ಹೋಗುತ್ತೆ?"

"ಕಸದ ಬುಟ್ಟಿಗೆ."

"ಅದು ಸಾರಾಂಶ. ಸಾರದ ಪಾಲು. ಹಿಂಡಿ, ರಸ ಇಟ್ಕೊಂಡು, ಉಳಿದದ್ದನ್ನ ಬಿಸಾಕೋದು. ಹಣ್ಣಿಗೆ ಅದೇ ಸರಿ. ಈಗ ಸಂಕ್ಷೇಪದ ಧಾತು ಹೇಳು."

ಆಕೆಗೆ ಇಪ್ಪತ್ತಾರು ವರ್ಷ ಅನ್ನ ಹಾಕಿದ ಮಾತು ಅದು. ಅದರ ಒಳಗೆ ಏನಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

"ಗೊತ್ತಿಲ್ಲ ಮಾವ." ಈ ಸಲ ಊಟ ಸೇರುತ್ತದೆ ಎನ್ನುವ ಮಾತು ಬರಲಿಲ್ಲ.

"ಕ್ಷಿಪ್. ಅಂದ್ರೆ ಎಸೆಯೋದು."

"ಹಾಗಾದ್ರೆ ಅದೂ ಬಿಸಾಕೋದೇ ಆಯ್ತಲ್ಲ."

ಮಾವನಿಗೆ ಖುಷಿಯಾಯಿತು. "ಎಲ್ರೂ ಅಲ್ಲೇ ಮುಗ್ಗರಿಸೋದು. ಮುಂದೆ 'ಸಮ್' ಅಂತ ಒಂದು ಕೂತಿದೆಯಲ್ಲ, ಅದನ್ನೇನು ಮಾಡ್ದೆ? ಸಮ್ ಅಂದ್ರೆ ಜೊತೆಗೆ, ಒಟ್ಟಿಗೆ. ಎಸಿ, ಆದ್ರೆ ಆಚೆಗೆ ಎಸೀಬೇಡ. ಎಲ್ಲಾನೂ ಒಂದೇ ಕಡೆಗೆ ಎಸಿ. ಮೊನ್ನೆ ಮಳೆ ಹನಿ ಬಿತ್ತು ಅಂತ ಮಹಡಿಗೆ ಓಡಿದೆಯಲ್ಲ, ಏನು ಮಾಡ್ದೆ?"

"ಬಟ್ಟೆ ಎಳ್ಕೊಂಡು ಬುಟ್ಟಿಗೆ ಎಸೆದೆ."

"ಮೂರು ಹಗ್ಗದ ಬಟ್ಟೆ ಒಂದು ಬುಟ್ಟಿಗೆ. ಒಂದು ಕಾಲುಚೀಲನಾದ್ರೂ ಬಿಟ್ಯಾ?"

"ಇಲ್ಲ. ನಿಮ್ಮ ಮಗನ ಹರಿದ ಕರ್ಚೀಫೂ ಬಿಡ್ಲಿಲ್ಲ."

"ಅದು ಸಂಕ್ಷೇಪ. ಜಾಗ ಕಮ್ಮಿ ಆಯ್ತು, ಬಟ್ಟೆ ಕಮ್ಮಿ ಆಗ್ಲಿಲ್ಲ." ಮಾವ ರಸವನ್ನು ಒಂದು ಗುಟುಕು ಕುಡಿದು ಮುಂದುವರಿಸಿದರು. "ಅದೇ ಕ್ಷಿಪ್‌ಗೆ 'ಆ' ಸೇರಿಸು, ಆಕ್ಷೇಪ ಆಗುತ್ತೆ, ಒಬ್ಬರ ಮೇಲೆ ಎಸೆಯೋದು. 'ನಿ' ಸೇರಿಸು, ನಿಕ್ಷೇಪ, ಕೆಳಗಿಡೋದು. 'ಪ್ರ' ಸೇರಿಸಿದ್ರೆ ಪ್ರಕ್ಷೇಪ, ಇನ್ನೊಬ್ಬರು ಬರೆದಿದ್ರ ಮಧ್ಯ ತನ್ನದೊಂದನ್ನ ಸದ್ದಿಲ್ದೆ ತೂರಿಸೋದು. ಇನ್ನು 'ವಿ' ಸೇರಿಸಿದ್ರೆ—"

"ಅಪ್ಪಾ, ಅವಳಿಗೆ ಬಸ್ಸು ತಪ್ಪುತ್ತೆ" ಎಂದ ಗಂಡ, ಪೇಪರಿನ ಹಿಂದಿನಿಂದ.

ಬಸ್ಸು ತಪ್ಪಲಿಲ್ಲ. ಆದರೆ ಇಳಿಯಬೇಕಾದ ನಿಲ್ದಾಣ ತಪ್ಪಿತು. ಜಾಗ ಕಮ್ಮಿ ಆಯ್ತು, ಬಟ್ಟೆ ಕಮ್ಮಿ ಆಗ್ಲಿಲ್ಲ. ಇಷ್ಟು ವರ್ಷ ತಾನು ಎಷ್ಟು ಕಾಲುಚೀಲಗಳನ್ನು ಹಗ್ಗದ ಮೇಲೇ ಬಿಟ್ಟು ಬಂದಿರಬಹುದು ಎಂದು ಲೆಕ್ಕ ಹಾಕಲು ಹೋಗಿ, ಸಾಧ್ಯವಿಲ್ಲವೆಂದು ಬಿಟ್ಟುಬಿಟ್ಟಳು. ಮರುಗುತ್ತ ಕೂರುವ ಜಾಯಮಾನ ಆಕೆಯದಲ್ಲ. ಒಂದು ನಿಲ್ದಾಣದಷ್ಟು ದೂರ ಹಿಂದಕ್ಕೆ ನಡೆದು ಬರುವಷ್ಟರಲ್ಲಿ ಮುಂದೇನು ಎಂಬುದು ನಿಶ್ಚಯವಾಗಿತ್ತು.

ಕಚೇರಿಗೆ ಬಂದವಳೇ ಉಗ್ರಾಣದಿಂದ ಮುನ್ನೂರು ಕಾರ್ಡು ತರಿಸಿಕೊಂಡಳು. ಅಂಗೈಯಗಲದ ಬಿಳಿ ಕಾರ್ಡು. ಒಬ್ಬ ಸಾಕ್ಷಿಗೆ ಒಂದು ಕಾರ್ಡು. ಅವರು ಸೇತುವೆಯ ಬಗ್ಗೆ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಏನು ಎಂದು ಎರಡೋ ಮೂರೋ ಸಾಲು. ಹೆಚ್ಚಿಲ್ಲ. ಆದರೆ ಯಾರನ್ನೂ ಬಿಡುವಂತಿಲ್ಲ. ಟೋಪಿ ಮಾರುವವನೊಬ್ಬ ಮೂರು ಗಂಟೆ ಮಾತಾಡಿದ್ದ. ಸೇತುವೆಯ ಬಗ್ಗೆ ಹೇಳಿದ್ದು ಎರಡು ಮಾತು, ಉಳಿದದ್ದೆಲ್ಲ ಅವನ ಅಣ್ಣನ ಮೇಲಿನ ದೂರು. ಆ ಎರಡು ಮಾತಿಗೂ ಒಂದು ಕಾರ್ಡಾಯಿತು. ಅಳುತ್ತ ಮಾತು ನಿಲ್ಲಿಸಿದ ತಾಯಿಯೊಬ್ಬಳು "ಅವನು ಯಾವಾಗಲೂ ಎಡಗಡೆ ನಡೀತಿದ್ದ, ಬಲಗಡೆ ಭಯ ಅಂತಿದ್ದ" ಎಂದಿದ್ದಳು. ಅದೂ ಒಂದು ಕಾರ್ಡು.

ಹನ್ನೊಂದು ದಿನ ಹಿಡಿಯಿತು. ಟೈಪಿಸ್ಟ್ ನಡುನಡುವೆ ಬಂದು ಇಣುಕಿ ಹೋಗುತ್ತಿದ್ದ.

"ಏನಕ್ಕಾ ಇದು, ಇಸ್ಪೀಟು ಆಡ್ತೀರಾ?"

"ಹೂಂ. ನಿಮಗೆ ಎಲೆ ಹಾಕ್ಲಾ?"

ಬರೆದದ್ದೇನೋ ಆಯಿತು, ಜೋಡಿಸುವುದು ಹೇಗೆ? ಇಲಾಖೆಯ ಪದ್ಧತಿಯಂತೆ ಹುದ್ದೆಯ ಪ್ರಕಾರ ಜೋಡಿಸಬೇಕು. ಮೊದಲು ಅಧಿಕಾರಿಗಳು, ಆಮೇಲೆ ನೌಕರರು, ಕೊನೆಗೆ ಸಾರ್ವಜನಿಕರು. ಹಾಗೆ ಇಟ್ಟು ನೋಡಿದಳು, ಏನೂ ಹೊಳೆಯಲಿಲ್ಲ. ಸಾಕ್ಷಿ ಹೇಳಿದ ತಾರೀಖಿನ ಪ್ರಕಾರ ಇಟ್ಟಳು, ಆಗಲೂ ಇಲ್ಲ. ಕೊನೆಗೆ ದಾಖಲೆ ಕೋಣೆಯ ಉದ್ದ ಮೇಜಿನ ಮೇಲೆ ಸೀಮೆಸುಣ್ಣದಿಂದ ಸೇತುವೆಯನ್ನೇ ಬರೆದಳು. ಈ ದಡ, ಆ ದಡ, ನಡುವೆ ಆರು ಕಂಬ. ಯಾರು ಎಲ್ಲಿ ನಿಂತು ಕಂಡರೋ, ಎಲ್ಲಿ ಕೂತು ಕೇಳಿದರೋ, ಅವರ ಕಾರ್ಡು ಅಲ್ಲಿ. ಒಂದೊಂದಾಗಿ ಇಡುತ್ತ ಹೋದಳು.

ನಾಲ್ಕನೇ ಕಂಬದ ಬಳಿ, ಸೇತುವೆ ವಾಲಿದ ಕಡೆಯಲ್ಲೇ, ಕಾರ್ಡುಗಳು ಒಂದರ ಮೇಲೊಂದು ಬಿದ್ದವು.

ಒಂದು, ಕಸ ಗುಡಿಸುವ ಹೆಂಗಸಿನದು. ಸೇತುವೆಯ ಕೆಳಗಿನ ದಾರಿಯನ್ನು ದಿನಾ ಬೆಳಗ್ಗೆ ಗುಡಿಸುವವಳು. ನಾಲ್ಕನೇ ಕಂಬದ ಬುಡದಲ್ಲಿ ಮಾತ್ರ ಪ್ರತಿದಿನ ಕೆಂಪು ತುಕ್ಕಿನ ಹೆಕ್ಕಳಿಕೆ ಬಿದ್ದಿರುತ್ತಿತ್ತು, ಮೊರದ ತುಂಬ. ಬಣ್ಣ ಬಳಿದ ಮೇಲೆ ಒಂದು ವಾರ ನಿಂತು, ಮತ್ತೆ ಬೀಳತೊಡಗಿತು. ಆಗ ಅದರ ಒಂದು ಮೈ ಕೆಂಪು, ಇನ್ನೊಂದು ಮೈ ಬೂದು ಬಣ್ಣ.

ಎರಡು, ಸಾಣೆ ಹಿಡಿಯುವವನದು. ಚಾಕು ಕತ್ತರಿಗಳನ್ನು ಹರಿತ ಮಾಡುತ್ತ ಅದೇ ಕಂಬದ ನೆರಳಿನಲ್ಲಿ ಕೂರುವವನು. ಮೇಲೆ ಜನ ನಡೆದಾಗ ಕಂಬದ ತಲೆಯಲ್ಲಿ ಟಕ್ ಎಂದು ಸದ್ದಾಗುತ್ತಿತ್ತು. "ತಿಂದು ಹೋದ ಕಬ್ಬಿಣದ ಸದ್ದು ನನಗೆ ಗೊತ್ತು, ಮೂವತ್ತು ವರ್ಷ ಕಿವಿಯ ಪಕ್ಕದಲ್ಲೇ ಕೇಳಿದ್ದೀನಿ" ಎಂದಿದ್ದ.

ಮೂರು, ಅಂಚೆಯವನದು. ಸೈಕಲ್ಲು ತಳ್ಳಿಕೊಂಡು ದಿನಕ್ಕೆ ಎರಡು ಸಲ ದಾಟುವವನು. ನಾಲ್ಕನೇ ಕಂಬದ ಮೇಲೆ ಬಲಗಡೆ ಗಾಲಿ ತುಸು ತಗ್ಗುತ್ತಿತ್ತು. ಬಣ್ಣ ಬಳಿದ ದಿನ ಅವನು ಎರಡು ಸಲವೂ ದಾಟಿದ್ದ. ಬೆಳಗ್ಗೆ ಹೋಗುವಾಗ ತುಕ್ಕು ಹಾಗೇ ಇತ್ತು, ಸಂಜೆ ಬರುವಾಗ ಬಣ್ಣ ಮುಗಿದಿತ್ತು. "ಕೆರೆಯುವ ಸಾಮಾನೇ ಅವರ ಹತ್ತಿರ ಇರಲಿಲ್ಲ, ಬರೀ ಬ್ರಷ್ಷು. ನನ್ನ ತೋಳಿಗೂ ಹತ್ತಿತು."

ಒಬ್ಬಳು ಸಾಕ್ಷಿ ಹೇಳಿದ್ದು ವಿಚಾರಣೆಯ ಮೊದಲ ತಿಂಗಳಲ್ಲಿ, ಒಬ್ಬ ನಾಲ್ಕನೇ ತಿಂಗಳಲ್ಲಿ, ಇನ್ನೊಬ್ಬ ಏಳನೇ ತಿಂಗಳಲ್ಲಿ. ನಡುವೆ ಸಾವಿರ ಪುಟ. ಒಂದೊಂದನ್ನೇ ಓದಿದರೆ ಪಾಪ ಯಾರೋ ಏನೋ ಹೇಳಿದರು ಎಂದು ಪುಟ ತಿರುವಬಹುದು. ಮೂರನ್ನೂ ಒಂದೇ ಕಡೆ ಎಸೆದಾಗ ಎಂಜಿನಿಯರುಗಳ ಏಳುನೂರು ಪುಟದ ಕೆಳಗಿನ ನೆಲವೇ ಅಲುಗಿತು. ಕಬ್ಬಿಣ ಮೊದಲೇ ತಿಂದು ಹೋಗಿತ್ತು. ಕೆರೆಯದೆ ಬಣ್ಣ ಬಳಿದಿದ್ದರು. ಆಕೆ ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ವರ್ಷದಲ್ಲಿ ಮೊದಲ ಸಲ, ಓದಿದ್ದನ್ನು ನಂಬಲು ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ಕಸ ಗುಡಿಸುವ ಹೆಂಗಸು ತನ್ನ ಹೇಳಿಕೆಯ ನಕಲು ಕೇಳಿಕೊಂಡು ಕಚೇರಿಗೆ ಬಂದಳು. ಐವತ್ತರ ಆಸುಪಾಸು, ಬಿಸಿಲಿಗೆ ಗಟ್ಟಿಯಾದ ಮುಖ. ನಕಲು ಪಡೆದ ಮೇಲೂ ಹೋಗದೆ ನಿಂತಿದ್ದಳು.

"ಏನಮ್ಮಾ, ಇನ್ನೇನಾದ್ರೂ ಬೇಕಾ?"

"ಓದಕ್ಕೆ ಬರಲ್ಲ ತಾಯಿ. ಇವೆಲ್ಲ ಚಿಕ್ಕದು ಮಾಡೋರು ನೀವೇ ಅಂದ್ರು. ನನ್ನದು ಎಷ್ಟಾಗಿದೆ?"

"ಮೂರು ಸಾಲು."

"ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದ್ದೆ."

ಆಕೆ ಕಾರ್ಡನ್ನು ತೆಗೆದು ನಿಧಾನವಾಗಿ ಓದಿ ಹೇಳಿದಳು. ಹೆಂಗಸು ತಲೆ ಬಗ್ಗಿಸಿ, ತೂಕ ನೋಡುವವಳಂತೆ ಕೇಳಿಸಿಕೊಂಡಳು.

"ಕೊನೇದು ಏನಂದ್ರಿ?"

"'ಮೇಸ್ತ್ರಿಗೆ ಈ ವಿಷಯ ತಿಳಿಸಿದ್ದಳು.'"

"ಎರಡು ಸಲ ತಿಳಿಸ್ದೆ. ಒಂದು ಸಲ ಬಾಯಲ್ಲಿ. ಇನ್ನೊಂದು ಸಲ ಆ ಹೆಕ್ಕಳಿಕೆನೇ ಕಾಗದದಲ್ಲಿ ಕಟ್ಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಗುಡಿಸೋದು ನಿನ್ನ ಕೆಲಸ, ಗುಡಿಸು ಅಂದ್ರು."

ಕತ್ತರಿ ಮೇಡಂ ಕಟ್ಟನ್ನು ಬಿಚ್ಚಿ ಆ ಪುಟ ಹುಡುಕಿದಳು. ಇತ್ತು. ಹೆಂಗಸು ಹೇಳಿದ್ದಂತೆಯೇ ಇತ್ತು. ತಾನೇ ಅದನ್ನು ಒಂದು ಮಾತಿಗೆ ಮೊಟಕು ಮಾಡಿದ್ದಳು. ಕೆಂಪೇರಿದ ಕಿವಿಯನ್ನು ಕೂದಲಿನಿಂದ ಮುಚ್ಚಿಕೊಂಡು, ಪೆನ್ಸಿಲು ತೆಗೆದು ತಿದ್ದಿದಳು. 'ಎರಡು ಸಲ ತಿಳಿಸಿದ್ದಳು. ಎರಡನೇ ಸಲ ಹೆಕ್ಕಳಿಕೆಯನ್ನೇ ತೋರಿಸಿದ್ದಳು.'

"ಈಗ?"

"ಈಗ ಸರಿ" ಎಂದಳು ಹೆಂಗಸು. "ಚಿಕ್ಕದಾದ್ರೂ ನಂದೇ."

ಮೂವತ್ತು ಪುಟ ಸಿದ್ಧವಾಯಿತು. ಎಂಜಿನಿಯರುಗಳಿಗೆ ಒಂಬತ್ತು ಪುಟ. ಒಂದೇ ಮಾತನ್ನು ನಾಲ್ಕು ಜನ ಹೇಳಿದ್ದರಿಂದ ಅದಕ್ಕಿಂತ ಹೆಚ್ಚು ಬೇಕಾಗಲಿಲ್ಲ. ಉಳಿದ ಇಪ್ಪತ್ತೊಂದು ಪುಟದಲ್ಲಿ ಇನ್ನೂರ ಒಂಬತ್ತು ಜನ, ಕಂಬದಿಂದ ಕಂಬಕ್ಕೆ, ಈ ದಡದಿಂದ ಆ ದಡಕ್ಕೆ. ತನ್ನ ಅಭಿಪ್ರಾಯ ಎಂದು ಆಕೆ ಒಂದು ಅಕ್ಷರ ಬರೆದಿರಲಿಲ್ಲ. ಅಕ್ಕಪಕ್ಕ ಇಟ್ಟಿದ್ದಳು, ಅಷ್ಟೇ.

ಸಾಹೇಬರು ಓದಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಮೇಡಂ, ಇದೇನು ಮಾಡಿಟ್ಟಿದ್ದೀರಿ? ನಾನು ಹೇಳಿದ್ದೇನು?"

"ನೀವು ಸಾರಾಂಶ ಅಂದಿದ್ರಿ ಸರ್. ಆದೇಶದಲ್ಲಿ ಸಂಕ್ಷೇಪ ಅಂತಿದೆ."

"ಎರಡೂ ಒಂದೇ ಅಲ್ವಾ?"

"ನಾನೂ ಹಾಗೇ ಅಂದ್ಕೊಂಡಿದ್ದೆ." ಆಕೆ ಕೂತು, ಕಿತ್ತಳೆ ಹಣ್ಣಿನಿಂದ ಹಿಡಿದು ಮಹಡಿಯ ಬಟ್ಟೆಯವರೆಗೆ ಬಿಡಿಸಿ ಹೇಳಿದಳು. ಸಾಹೇಬರು ಕೇಳಿಸಿಕೊಂಡರು, ಮಧ್ಯೆ ಒಮ್ಮೆ ನಕ್ಕರೂ ನಕ್ಕರು. ಆದರೆ ಮೇಜಿನ ಮೇಲಿನ ಫೋನಿನ ಕಡೆ ನೋಡುವುದನ್ನು ಬಿಡಲಿಲ್ಲ.

"ಇರಲಿ. ಒಂದು ಕೆಲಸ ಮಾಡಿ. ಕೊನೆಯಲ್ಲಿ ಒಂದೇ ಒಂದು ವಾಕ್ಯ ಸೇರಿಸಿ. 'ಒಟ್ಟಿನಲ್ಲಿ ಉಳಿದ ಸಾಕ್ಷಿಗಳೂ ತಜ್ಞರ ಅಭಿಪ್ರಾಯವನ್ನೇ ಪುಷ್ಟೀಕರಿಸುತ್ತಾರೆ.' ಅಷ್ಟೇ. ನೀವೂ ಉಳೀತೀರಿ, ನಾನೂ ಉಳೀತೀನಿ."

"ಅದು ಸಂಕ್ಷೇಪ ಅಲ್ಲ ಸರ್, ಪ್ರಕ್ಷೇಪ."

"ಅಂದ್ರೆ?"

"ಅವರು ಯಾರೂ ಹೇಳದೆ ಇದ್ದದ್ದನ್ನ ನಾವು ಅವರ ಬಾಯಿಗೆ ತೂರಿಸೋದು. ಧಾತು ಒಂದೇ. ಕೆಲಸ ಬೇರೆ." ಆಕೆ ದನಿ ಏರಿಸಲಿಲ್ಲ. "ನನಗೆ ಕೊಟ್ಟಿರೋ ಆದೇಶದಲ್ಲಿ ಆ ಕೆಲಸ ಇಲ್ಲ. ಬೇಕಾದ್ರೆ ನೀವು ಸೇರಿಸಿ, ಕೆಳಗೆ ನಿಮ್ಮ ರುಜು ಹಾಕಿ. ನನ್ನದು ನಾನು ಹಾಕಿದ್ದೀನಿ."

ಸಾಹೇಬರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುವುತ್ತ ಕೂತರು. ಎರಡು ತಿಂಗಳಲ್ಲಿ ಅವರ ಬಡ್ತಿಯ ಪಟ್ಟಿ ಬರುವುದಿತ್ತು, ಆಕೆಗೂ ಅದು ಗೊತ್ತಿತ್ತು. ಕೊನೆಗೆ ಅವರು ಪುಟಗಳನ್ನು ತಟ್ಟಿ ಒಟ್ಟುಮಾಡಿ, ಯಾವ ವಾಕ್ಯವನ್ನೂ ಸೇರಿಸದೆ, ನ್ಯಾಯಾಧೀಶರಿಗೆ ಹೋಗುವ ಲಕೋಟೆಗೆ ಹಾಕಿದರು.

"ನನ್ನ ತಮ್ಮನ ಮಗಳು ಆ ಸೇತುವೆ ಮೇಲೇ ಶಾಲೆಗೆ ಹೋಗ್ತಿದ್ದಳು" ಎಂದರು, ಯಾರಿಗೋ ಹೇಳುವಂತೆ. "ಅವತ್ತು ಜ್ವರ ಅಂತ ಮನೆಯಲ್ಲಿದ್ದಳು."

ನಾಲ್ಕು ದಿನದ ಮೇಲೆ ನ್ಯಾಯಾಧೀಶರಿಂದ ಕರೆ ಬಂತು. ವಿಚಾರಣೆ ನಡೆದ ಕೋಣೆಯಲ್ಲೇ ಅವರು ಒಬ್ಬರೇ ಕೂತಿದ್ದರು. ಎದುರಿಗೆ ಮೂವತ್ತು ಪುಟ, ಅಂಚಿನ ತುಂಬ ಹಸಿರು ಶಾಯಿಯ ಗುರುತು. ಕೂರಲು ಹೇಳದೆಯೇ ಕೇಳಿದರು.

"ಸಾಕ್ಷಿಗಳನ್ನು ಹುದ್ದೆಯ ಪ್ರಕಾರ ಜೋಡಿಸುವುದು ಪದ್ಧತಿ. ನೀವು ಜಾಗದ ಪ್ರಕಾರ ಜೋಡಿಸಿದ್ದೀರಿ. ಯಾರು ಹೇಳಿದ್ದು?"

"ಯಾರೂ ಇಲ್ಲ ಸ್ವಾಮಿ. ಸೇತುವೆ ಬಿದ್ದದ್ದು ಒಂದು ಜಾಗದಲ್ಲಿ. ಹುದ್ದೆಯಲ್ಲಿ ಅಲ್ಲ."

ಅವರು ತಲೆ ಎತ್ತಿ ನೋಡಿದರು. "ಇದರಲ್ಲಿ ನಿಮ್ಮ ಸ್ವಂತ ಮಾತು ಎಷ್ಟಿದೆ?"

"ಪುಟದ ಸಂಖ್ಯೆ ಮಾತ್ರ ನನ್ನದು. ಪ್ರತಿ ಸಾಲಿನ ಪಕ್ಕದಲ್ಲೂ ಮೂಲದ ಪುಟ ಬರೆದಿದ್ದೀನಿ. ಯಾವುದನ್ನಾದ್ರೂ ತೆಗೆದು ನೋಡಬಹುದು."

"ನೋಡಿದೆ" ಎಂದರು ಅವರು. "ನಾಲ್ಕು ದಿನ ಅದೇ ಮಾಡಿದೆ. ಇನ್ನೂರ ಹದಿಮೂರೂ ನೋಡಿದೆ." ಎದುರಿನ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನಾಲ್ಕನೇ ಕಂಬದ ಈ ಮೂರು ಜನ ಇದೇ ಕುರ್ಚಿಯಲ್ಲಿ ಕೂತು ನನಗೇ ಹೇಳಿದ್ದು. ನಾನು ಮೂವರಿಗೂ ಧನ್ಯವಾದ ಹೇಳಿ ಕಳಿಸಿದ್ದೆ. ಮೂರನೆಯವನು ಬರುವ ಹೊತ್ತಿಗೆ ಮೊದಲನೆಯವಳು ಮರೆತೇ ಹೋಗಿದ್ದಳು."

ಅವರು ಆಮೇಲೆ ಮಾಡಿದ ಕೆಲಸ ಸರಳವಾದದ್ದು, ವರ್ಷದ ಹಿಂದೆಯೇ ಆಗಬೇಕಾದದ್ದು. ಉಗ್ರಾಣದಲ್ಲಿ ಬಿದ್ದಿದ್ದ ನಾಲ್ಕನೇ ಕಂಬದ ತಲೆಯನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಮೂರು ವಾರದಲ್ಲಿ ಬಂತು. ಬೂದು ಬಣ್ಣದ ಕೆಳಗೆ ಬೆರಳು ದಪ್ಪದ ತುಕ್ಕು, ಅದರ ಕೆಳಗೆ ತೂತುಬಿದ್ದ ಕಬ್ಬಿಣ. ಕೆರೆದ ಗುರುತೇ ಇಲ್ಲ.

ಆ ಮೂವತ್ತು ಪುಟವನ್ನು ನಗರಸಭೆಯಲ್ಲಿ ಪೂರ್ತಿ ಓದಲಾಯಿತು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಸದಸ್ಯರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಸಾರ್ವಜನಿಕರ ಬೆಂಚುಗಳಲ್ಲಿ ಸತ್ತವರ ಮನೆಯವರು, ಸಾಕ್ಷಿ ಹೇಳಿದವರು ಒತ್ತಿಕೊಂಡು ಕೂತಿದ್ದರು. ತಮ್ಮ ಮಾತು ಬಂದಾಗ ಕೆಲವರು ನೆಟ್ಟಗೆ ಕೂರುತ್ತಿದ್ದರು. ಟೋಪಿ ಮಾರುವವನು ಪಕ್ಕದವರಿಗೆ ಮೊಣಕೈಯಿಂದ ತಿವಿದು "ನಾನೇ" ಎಂದ. ಎಡಗಡೆ ನಡೆಯುತ್ತಿದ್ದ ಹುಡುಗನ ತಾಯಿ ಕಣ್ಣು ಮುಚ್ಚಿಕೊಂಡಿದ್ದಳು. ಪ್ರಯೋಗಾಲಯದ ವರದಿಯ ಆಧಾರದ ಮೇಲೆ ಗುತ್ತಿಗೆದಾರನ ಮೇಲೂ, ಕೆರೆಸಿದ್ದೇವೆ ಎಂದು ರುಜು ಹಾಕಿದವರ ಮೇಲೂ ಮೊಕದ್ದಮೆ ಹೂಡಲು ತೀರ್ಮಾನವಾಯಿತು. 'ಜನರ ತಪ್ಪಿನಿಂದ' ಎಂಬ ಮಾತನ್ನು ದಾಖಲೆಯಿಂದ ತೆಗೆದುಹಾಕಲು ಬೇರೆಯೇ ಒಂದು ನಿರ್ಣಯವಾಯಿತು. ಹಾಗೆ ಕೇಳಿದವರು ಒಂದೇ ಮನೆಯ ಮೂವರನ್ನು ಕಳೆದುಕೊಂಡ ಮುದುಕರು. ಅವರು ಬೇರೇನನ್ನೂ ಕೇಳಲಿಲ್ಲ.

ಕತ್ತರಿ ಮೇಡಂ ಹಿಂದಿನ ಸಾಲಿನಲ್ಲಿ ಟೈಪಿಸ್ಟನ ಪಕ್ಕ ಕೂತಿದ್ದಳು. ಓದುವವನು ನಿಲ್ಲಿಸಬಾರದ ಕಡೆ ಎರಡು ಸಲ ನಿಲ್ಲಿಸಿದ್ದು ಬಿಟ್ಟರೆ, ಆಕೆಗೆ ತಿದ್ದಬೇಕೆನಿಸಿದ್ದು ಏನೂ ಇರಲಿಲ್ಲ.

"ಹೇಗಿತ್ತಕ್ಕಾ?" ಎಂದ ಟೈಪಿಸ್ಟ್.

"ಚೆನ್ನಾಗಿದೆ" ಎಂದಳು. ಬೇರೆ ಯಾರಾದರೂ ಬರೆದಿದ್ದರೂ ಅಷ್ಟೇ ಹೇಳುತ್ತಿದ್ದಳು.

ಸಭೆ ಮುಗಿದು ಜನ ಹೊರಗೆ ಬಂದರು. ಮೊಗಸಾಲೆಯ ಕಿಟಕಿಯ ಬಳಿ ಮೂವರು ನಿಂತಿದ್ದರು. ಗುಡಿಸುವ ಹೆಂಗಸು, ಸಾಣೆ ಹಿಡಿಯುವವನು, ಚೀಲ ಹೆಗಲಿಗಿದ್ದ ಅಂಚೆಯವನು. ವರ್ಷಗಟ್ಟಲೆ ಒಂದೇ ಸೇತುವೆಯ ಕೆಳಗೂ ಮೇಲೂ ಒಬ್ಬರನ್ನೊಬ್ಬರು ದಿನಾ ನೋಡಿದವರು. ಮಾತಾಡಿದವರಲ್ಲ.

"ಆ ಸದ್ದು ನಿಮಗೂ ಕೇಳಿಸ್ತಿತ್ತಾ?" ಎಂದು ಸಾಣೆಯವನು ಅಂಚೆಯವನನ್ನು ಕೇಳುತ್ತಿದ್ದ.

"ಸದ್ದು ಕೇಳಿಸ್ತಿರ್ಲಿಲ್ಲ, ಗಾಲಿ ತಗ್ಗೋದು ಕೈಗೆ ಗೊತ್ತಾಗ್ತಿತ್ತು. ನನ್ನ ಸೈಕಲ್ಲೇ ಸರಿ ಇಲ್ಲ ಅಂದ್ಕೊಂಡೆ. ಎರಡು ಸಲ ರಿಪೇರಿ ಮಾಡಿಸ್ದೆ."

"ನಾನು ನನ್ನ ಕಿವಿಗೇ ವಯಸ್ಸಾಯ್ತು ಅಂದ್ಕೊಂಡೆ."

"ನಾನು ಯಾರೋ ಬೇಕಂತಲೇ ಕಸ ಸುರಿದು ಹೋಗ್ತಾರೆ ಅಂದ್ಕೊಂಡಿದ್ದೆ ಮೊದಲು" ಎಂದಳು ಗುಡಿಸುವ ಹೆಂಗಸು. "ನಿಮ್ಮನ್ನೇ ಬೈದಿದ್ದೀನಿ, ಸಾಣೆಯೋರೇ, ಮನಸಲ್ಲಿ."

ಸಾಣೆಯವನು ನಕ್ಕ. ಅಂಚೆಯವನು ಚೀಲವನ್ನು ಕೆಳಗಿಟ್ಟ. ಗಡಿಬಿಡಿಯಿಲ್ಲ ಎನ್ನುವಂತೆ ಕಿಟಕಿಯ ಕಟ್ಟೆಗೆ ಒರಗಿ, "ಯಾವ ತಿಂಗಳಲ್ಲಿ ಶುರುವಾಯ್ತು ಹೇಳಿ, ಮೊದಲಿಂದ ಹೇಳಿ" ಎಂದು ಆ ಹೆಂಗಸನ್ನು ಕೇಳಿದ. ಅವಳು ಮೊದಲಿಂದ, ಒಂದೂ ಬಿಡದೆ, ಹೇಳತೊಡಗಿದಳು.

ಕತ್ತರಿ ಮೇಡಂ ಅವರ ಪಕ್ಕದಲ್ಲೇ ಹಾದು, ಮೆಟ್ಟಿಲು ಇಳಿದು, ಊಟಕ್ಕೆ ಹೋದಳು.